ಸಾಹೇಬರು ಎಣಿಸಿದ ಹಕ್ಕಿಗಳು

“ಒಂದು!” ಸಾಹೇಬರು ರಿಜಿಸ್ಟರನ್ನು ಮೇಜಿನ ಮೇಲೆ ಬಡಿದರು. “ಹೋದ ತಿಂಗಳು ಒಂದು, ಈ ತಿಂಗಳೂ ಒಂದು. ಏನಮ್ಮ, ನಿಂಗೆ ಎಣಿಸೋಕೆ ಬರೋದೇ ಅಷ್ಟಾ?”

ಕಾವಲುಗಾರ್ತಿ ಕೈಕಟ್ಟಿ ನಿಂತಿದ್ದಳು. ಕಡಲೊಳಕ್ಕೆ ಚಾಚಿಕೊಂಡ ಆ ಬಂಡೆಗುಡ್ಡದ ತುದಿಯಲ್ಲಿ ಹನ್ನೊಂದು ವರ್ಷದಿಂದ ಹಕ್ಕಿ ಕಾಯುವುದು ಆಕೆಯ ಕೆಲಸ. ತೀರಿಕೊಂಡ ತಮ್ಮನ ಇಬ್ಬರು ಹೆಣ್ಣುಮಕ್ಕಳ ಊಟ, ಓದು ಎಲ್ಲವೂ ಆ ಕೆಲಸದ ಮೇಲೇ ನಿಂತಿತ್ತು. ಅದು ಸಂಜೆಯವರೆಗೆ ಉಳಿಯುವುದು ಅನುಮಾನ. ತಪಾಸಣೆಗೆ ಬಂದ ಸಾಹೇಬರು ವಜಾ ಮಾಡುವ ಆದೇಶವನ್ನು ಪಟ್ಟಣದಲ್ಲೇ ಟೈಪು ಮಾಡಿಸಿ ತಂದಿದ್ದರು. ಕಾರಣ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು.

“ಸಾರ್, ಅದು ಏನಂದ್ರೆ...”

“ಮಧ್ಯೆ ಬಾಯಿ ಹಾಕಬೇಡ.”

ಸಾಹೇಬರು ಮಾತಾಡುವಾಗ ಬಾಯಿ ಹಾಕಬಾರದು. ಮುಗಿಸಿದ ಮೇಲೆ ಎದುರುತ್ತರ ಕೊಡಬಾರದು. ಈ ಎರಡರ ನಡುವೆ ಬಾಯಿ ತೆರೆಯಲು ಸಂದು ಸಿಕ್ಕವರು ಅವರ ಕಚೇರಿಯಲ್ಲಿ ಇನ್ನೂ ಯಾರೂ ಇರಲಿಲ್ಲ.

ಅವರು ಕಾವಲು ಕೋಣೆಯನ್ನು ಮೂಗು ಸೊಟ್ಟಗೆ ಮಾಡಿಕೊಂಡು ನೋಡಿದರು. ಮುರುಕು ಮಂಚ, ಸೀಮೆಎಣ್ಣೆ ಒಲೆ, ಮೂಲೆಯಲ್ಲಿ ಎರಡು ಬಣ್ಣದ ಡಬ್ಬ. ಆಕೆಯ ಉಗುರುಗಳ ಸಂದಿಯಲ್ಲೂ ಬಿಳಿ ಬಣ್ಣ.

“ಸರ್ಕಾರಿ ಬಣ್ಣ. ಯಾರ ಮನೆಗೆ ಬಳೀತಿದ್ದೀಯ?”

“ಮನೆಗಲ್ಲ ಸಾರ್...”

“ಮತ್ತೆ, ಸಮುದ್ರಕ್ಕಾ?”

ಬಾಗಿಲಲ್ಲಿದ್ದ ಡ್ರೈವರ್ ನಕ್ಕ. ಸಾಹೇಬರು ತಮಾಷೆ ಮಾಡಿದಾಗ ನಗುವುದೂ ಅವನ ಡ್ಯೂಟಿಯೇ.

ಮೂವರೂ ಹೊರಗೆ ಬಂದರು. ಗಾಳಿ ಡ್ರೈವರನ ಟೋಪಿಯನ್ನು ಕಿತ್ತು ಕಡಲಿಗೆ ಎಸೆಯಿತು. ಮುನ್ನೂರು ಅಡಿ ಕೆಳಗೆ ಅಲೆಗಳು ಕಪ್ಪು ಬಂಡೆಗೆ ಅಪ್ಪಳಿಸಿ ನೊರೆಯಾಗುತ್ತಿದ್ದವು. ಕಟಕಟೆ ಹಿಡಿದು ನಿಂತ ಪ್ರವಾಸಿಗರು ಡಾಲ್ಫಿನ್ ಕಂಡು ಹೋ ಎಂದು ಕೂಗಿದರು.

“ನೀರಲ್ಲಿ ಇರೋದು ನೀರಲ್ಲಿ ಇದೆ. ಅದಕ್ಕೆ ಇಷ್ಟು ಕೂಗಾಟ. ಮಾಡೋಕೆ ಕೆಲಸ ಇಲ್ಲದ ಜನ,” ಎಂದರು ಸಾಹೇಬರು. ಅವರಿಗೆ ದೇಶದಲ್ಲಿ ಕೆಲಸ ಇರುವವರು ಒಬ್ಬರೇ ಕಂಡಿದ್ದು, ಅದೂ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ.

ಹಗ್ಗ ಕಟ್ಟಿದ ಗಡಿಯಾಚೆ, ಇನ್ನೂರು ಹೆಜ್ಜೆ ದೂರದ ಚಾಚುಬಂಡೆಯ ಮೇಲೆ ದೊಡ್ಡ ಬಿಳಿ ಕಡಲಹಕ್ಕಿಗಳು ಕೂತಿದ್ದವು. ಸಾಹೇಬರು ದೂರದರ್ಶಕಕ್ಕೆ ಕಣ್ಣಿಟ್ಟು ಬೆರಳು ಮಡಿಸುತ್ತಾ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಅರಳಿತು.

“ಈಗ ನೀನು ಹೇಳು. ಅಲ್ಲಿ ಎಷ್ಟು ಕೂತಿವೆ?”

“ಕೂತಿರೋದು ಮೂವತ್ತೊಂದು ಸಾರ್. ಆದ್ರೆ...”

“ಕೂತಿರೋದು ಮೂವತ್ತೊಂದು, ಬರೆದಿರೋದು ಒಂದು! ಕೇಳಿದ್ಯೇನೋ? ತನ್ನ ಬಾಯಲ್ಲೇ ಒಪ್ಪಿಕೊಂಡಳು.”

ಡ್ರೈವರ್ ಕೇಳಿದೆ ಎಂದು ತಲೆಯಾಡಿಸಿದ.

“ಸಾರ್, ಮೂರು ವರ್ಷದ ಹಿಂದಿನ ಕಾಗದ ಒಂದ್ಸಲ ಓದಿದ್ರೆ ನಿಮಗೇ ಗೊತ್ತಾಗುತ್ತೆ. ಒಳಗೇ ಇದೆ, ತರ್ತೀನಿ.”

“ಕಾಗದ ಓದೋದು ಗುಮಾಸ್ತರ ಕೆಲಸ. ನಂದು ರುಜು ಹಾಕೋದು, ಸ್ಥಳಕ್ಕೆ ಬಂದು ಕಣ್ಣಾರೆ ನೋಡೋದು. ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ಇನ್ನೊಂದು ಮಾತಾಡಿದ್ರೆ ವಜಾ ಜೊತೆಗೆ ಪೊಲೀಸ್ ಕಂಪ್ಲೇಂಟೂ ಆಗುತ್ತೆ.”

ಕಾವಲುಗಾರ್ತಿಗೆ ಅಷ್ಟು ಹೊತ್ತು ಹೆದರಿಕೆಯಿತ್ತು. ಈಗ ಮೈ ಉರಿಯಿತು. ಹನ್ನೊಂದು ವರ್ಷ ಬಿರುಗಾಳಿಯಲ್ಲಿ ಬಂಡೆ ತಬ್ಬಿಕೊಂಡು ನಡೆದು ಲೆಕ್ಕ ಬರೆದವಳು ಆಕೆ. ಒಂದು ದಿನವೂ ಸುಳ್ಳು ಬರೆದಿರಲಿಲ್ಲ. ಇಂಥವರ ಮುಂದೆ ಬೇಡಿಕೊಂಡೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

“ಆಯ್ತು ಸಾರ್. ನೀವು ಕಂಡಿದ್ದೇ ಬರೀರಿ,” ಎಂದಳು.

ಸಾಹೇಬರು ಬರೆದರು. ಖಾಲಿ ಜಾಗದಲ್ಲಿ ‘ಸುಳ್ಳು ಲೆಕ್ಕ’ ಎಂದು ತುಂಬಿದರು. ಹಕ್ಕಿಗಳ ಫೋಟೋ ತೆಗೆದು, ‘ಒಟ್ಟು ಮೂವತ್ತೊಂದು, ಖುದ್ದು ಎಣಿಸಿದ್ದೇನೆ’ ಎಂಬ ಒಕ್ಕಣೆಯೊಂದಿಗೆ ಮೇಲಧಿಕಾರಿಗಳಿಂದ ಹಿಡಿದು ಜವಾನನವರೆಗೆ ಕಚೇರಿಯ ಎಲ್ಲರಿಗೂ ಕಳಿಸಿದರು. ಮೆಚ್ಚುಗೆಯ ಉತ್ತರಗಳು ಒಂದರ ಹಿಂದೊಂದು ಬರತೊಡಗಿದವು. ಅವರಲ್ಲಿ ಒಬ್ಬನೂ ಈ ಗುಡ್ಡ ಹತ್ತಿದವನಲ್ಲ.

“ನೋಡು,” ಎಂದರು ಡ್ರೈವರನಿಗೆ. “ಈ ಗಾಳಿಗೆ ನಿನ್ನ ಟೋಪಿ ನಿಲ್ಲಲಿಲ್ಲ. ಅವು ಹ್ಯಾಗೆ ಸಾಲು ತಪ್ಪದೆ ಕೂತಿವೆ! ಶಿಸ್ತು ಅಂದ್ರೆ ಅದು. ನಮ್ಮ ಸಿಬ್ಬಂದಿಗೆ ಅದರ ಅರ್ಧ ಇದ್ದಿದ್ರೆ ಸಾಕಿತ್ತು.”

ಫೋಟೋಗೆ ಇಷ್ಟು ಹೊಗಳಿಕೆ ಬಂದ ಮೇಲೆ ವಿಡಿಯೋ ಬಿಡಲಾದೀತೇ? ಹಕ್ಕಿಗಳೆಲ್ಲ ಒಟ್ಟಿಗೆ ಹಾರಬೇಕು, ಎದುರಿಗೆ ತಾವು ನಿಂತಿರಬೇಕು. ಸಾಹೇಬರು ಫೋನನ್ನು ಡ್ರೈವರನ ಕೈಗೆ ಕೊಟ್ಟು ಹಗ್ಗ ದಾಟಿದರು.

“ಬೇಡ ಸಾರ್!” ಕಾವಲುಗಾರ್ತಿ ಓಡಿಬಂದಳು. “ನನ್ನ ಕೆಲಸ ತೆಗೀರಿ, ಪರವಾಗಿಲ್ಲ. ಅದನ್ನ ಮಾತ್ರ ಹೆದರಿಸಬೇಡಿ. ಹೋದ್ರೆ ಮತ್ತೆ ಬರಲ್ಲ.”

ಸಾಹೇಬರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಬಂಡೆಯ ಹತ್ತಿರಕ್ಕೆ ಹೋಗಿ ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು.

ತುದಿಯಲ್ಲಿದ್ದ ಒಂದು ಹಕ್ಕಿ ಎದ್ದಿತು. ಅಗಲವಾಗಿ ರೆಕ್ಕೆ ಬಿಚ್ಚಿ ಕಡಲ ಮೇಲೆ ಒಂದು ಸುತ್ತು ಹಾಕಿತು. ಕಾವಲುಗಾರ್ತಿ ಉಸಿರು ಬಿಗಿಹಿಡಿದಳು. ಹಕ್ಕಿ ವಾಲಿಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಕೂತಿತು. ಆಕೆಯ ಕಣ್ಣು ತುಂಬಿತು.

ಉಳಿದವು ಮಿಸುಕಲಿಲ್ಲ. ಸಾಹೇಬರು ಇನ್ನೊಮ್ಮೆ ತಟ್ಟಿದರು, ಹೋ ಎಂದು ಕೂಗಿದರು, ಕಾಲು ಅಪ್ಪಳಿಸಿದರು. ಎಲ್ಲಿಂದಲೋ ಬಂದ ಕಾಗೆಯೊಂದು ನಡುಸಾಲಿನ ಹಕ್ಕಿಯ ತಲೆಯ ಮೇಲೆ ಕೂತು ಕೊಕ್ಕು ಉಜ್ಜಿಕೊಂಡಿತು. ಡ್ರೈವರನಿಗೆ ಡ್ಯೂಟಿ ಇಲ್ಲದೆಯೂ ನಗು ಬಂತು.

“ಹಕ್ಕಿ ಅಂತ ಇರೋದು ಅದೊಂದೇ ಸಾರ್,” ಎಂದಳು ಕಾವಲುಗಾರ್ತಿ. “ಮಿಕ್ಕ ಮೂವತ್ತು ಸಿಮೆಂಟಿನವು. ಜೊತೆಯಿದೆ ಅಂತ ನಂಬಿ ನಿಜವಾದ ಹಕ್ಕಿಗಳು ಬರಲಿ, ಇವನ್ನ ಮಾಡಿಸಿ ಇಡಿ ಅಂತ ಮೂರು ವರ್ಷದ ಹಿಂದೆ ಆ ಕಾಗದಕ್ಕೆ ರುಜು ಹಾಕಿ ಕಳಿಸಿದೋರು ನೀವೇ.”