ಹಿಂದೆ ಬರುತ್ತಿರುವ ಇಬ್ಬರು

ವಯಸ್ಸಾದವನು ಒಬ್ಬನೇ ಬೈಕ್ ಹತ್ತಿ ದೇಶ ಸುತ್ತಿದರೆ ಬಿಸಿಲು, ಮಳೆ ಏನೂ ಮಾಡುವುದಿಲ್ಲ ಬಿಡಿ. ‘ಒಬ್ರೇನಾ?’ ಎಂದು ಕೇಳಿ, ಜನ ಅಯ್ಯೋ ಪಾಪ ಎನ್ನುವಂತೆ ನೋಡುತ್ತಾರಲ್ಲ, ಅದೇ ಕೊಲ್ಲುವುದು.

ಸಂಜೆ ಕಾಡುದಾರಿ ದಾಟಿ ಬಂದ ಅಂಥದೇ ಒಬ್ಬ ಸವಾರನನ್ನು ಚೆಕ್‌ಪೋಸ್ಟಿನ ಗಾರ್ಡ್ ಜಡೇಸ್ವಾಮಿಯೂ ಕೇಳಿದ.

"ಒಬ್ರೇಯಾ ಸಾ?"

"ಏ, ಇಲ್ಲಪ್ಪ. ಸ್ನೇಹಿತರಿಬ್ರು ಹಿಂದೆ ಬರ್ತಿದಾರೆ."

ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಸುಳ್ಳನ್ನೇ ಇಲ್ಲೂ ಹೇಳಿ, ಗಾರ್ಡಿನ ಹೆಂಡತಿ ನಡೆಸುತ್ತಿದ್ದ ಅಂಗಡಿಯಲ್ಲಿ ಟೀಗೆ ಕೂತ. ಕುಡಿದು ಎದ್ದಾಗ ಚೆಕ್‌ಪೋಸ್ಟಿನಲ್ಲಿ ಯಾರೂ ಇರಲಿಲ್ಲ.

"ನಿಮ್ಮೆಜಮಾನ್ರು ಎಲ್ಲಿಗೆ ಹೋದ್ರಮ್ಮ?"

"ದಾರೀಲಿ ಒಂಟಿ ಸಲಗ ನಿಂತದೆ ಅಂತ ಫೋನ್ ಬಂತು ಸಾ. ಗಾಬ್ರಿ ಆಗ್ಬೇಡಿ, ನಿಮ್ ಸ್ನೇಹಿತ್ರನ್ನ ಕರ್ಕಂಡು ಬರಕೆ ಅವ್ರು ಆಗ್ಲೇ ಬೈಕ್ ಹತ್ತಿ ಕಾಡೊಳಕ್ಕೆ ಹೋದ್ರು."