ಛಾತಿ ಎಂದರೆ ಎದೆ

ಶನಿವಾರ, ಮಧ್ಯಾಹ್ನ ಮೂರು ಗಂಟೆ. ನವರಂಗಪುರದ ದವಾಖಾನೆಯಲ್ಲಿ ವೈದ್ಯೆ, ಅಮ್ಮ ಮತ್ತು ನಾನು ಇದ್ದೆವು. ಸ್ಪಿರಿಟ್ಟಿನ ವಾಸನೆ ಬಂದರೆ ಇಂದಿಗೂ ನನಗೆ ಆ ಹೊತ್ತೇ ನೆನಪಾಗುತ್ತದೆ.

ಉಡುಪಿ ಕಡೆಯಿಂದ ಬಂದು ಅಪ್ಪ ನಡೆಸುತ್ತಿದ್ದ ನಮ್ಮ ಹೋಟೆಲಿನ ಅಡುಗೆಮನೆಯಲ್ಲೇ ದಿನ ಕಳೆಯುತ್ತಿದ್ದ ಅಮ್ಮನಿಗೆ ಗುಜರಾತಿ ಬಾರದು. ಶಾಲೆಯಲ್ಲಿ ಕಲಿತಿದ್ದ ನಾನೇ ಅವಳ ದುಭಾಷಿ.

"ಎದೆಯಲ್ಲಿ ಏನೋ ಆಗ್ತಾ ಉಂಟು ಅಂತ ಹೇಳು ಮಗಾ."

ನಾನು 'ಛಾತಿ' ಎಂದೆ. ವೈದ್ಯೆ ಹೃದಯವೆಂದು ತಿಳಿದು, ಸ್ಟೆತೊಸ್ಕೋಪು ಇಟ್ಟು ನೋಡಿ, ಗುಳಿಗೆ ಬರೆಯತೊಡಗಿದರು. ಅಮ್ಮ ಏಳಲಿಲ್ಲ. ನನ್ನನ್ನು ಗೋಡೆಯ ಕಡೆ ತಿರುಗಿಸಿ, ಅವರ ಕೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡಳು.

"ಗಾಂಠ್," ಎಂದರು ವೈದ್ಯೆ ಮೆಲ್ಲಗೆ. ನಮ್ಮ 'ಗಂಟು' ಎಂಬಂತೆಯೇ ಕೇಳಿಸಿದ ಆ ಮಾತು ಅಮ್ಮನಿಗೆ ನಾನಿಲ್ಲದೆಯೇ ತಿಳಿಯಿತು.

"ಚರ್ಮವೂ ಒಳಗೆ ಎಳೆದುಕೊಂಡಿದೆ. ಯಾವಾಗಿನಿಂದ, ಬೆನ್?" ಅಕ್ಕ ಎನ್ನುವಂತೆ ಕೇಳಿದರು ವೈದ್ಯೆ.

"ನವರಾತ್ರಿಯಿಂದ. ನೋವಿಲ್ಲ ಅಲ್ವಾ, ಹಾಗೇ ಬಿಟ್ಟೆ."

"ನೋವಿಲ್ಲದಿದ್ದರೂ ತೋರಿಸಬೇಕು. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ."

"ಶನಿವಾರ ಹೋಟ್ಲಲ್ಲಿ ರಶ್ ಅಂತ ಹೇಳು."

"ದೋಸೆ ಒಂದು ದಿನ ಕಾಯುತ್ತದೆ."

ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಸುಸ್ತಾಗಿ ನಕ್ಕಳು. "ಅವ್ರಿಗೆ ನಿನ್ನ ಅಪ್ಪ ಗೊತ್ತಿಲ್ಲ."

ಆದರೂ ಆಟೋದವನಿಗೆ ಅವಳು ಹೋಟೆಲಿನ ದಾರಿ ಹೇಳಲಿಲ್ಲ. ಕತ್ತಲಾಗುವ ಮೊದಲು ಪರೀಕ್ಷೆ ಮುಗಿಯಿತು. ಹೊರಗೆ ಬಂದವಳು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, "ಸ್ವಲ್ಪ ಹೊತ್ತು ಕೂತ್ಕೊಳ್ವ ಮಗಾ," ಎಂದಳು.