ಗಾಳಿರಾಯನ ನೌಕರಿ

ಡೀಸೆಲ್ ಜನರೇಟರಿನ ಗುಂಡಿಯ ಮೇಲೆ ಬೆರಳಿಟ್ಟವನಿಗೆ ಅಕ್ಕ ಪದ್ಯ ಹೇಳುವುದು ಕೇಳಿಸಿತು. ಕಂಪನಿಯ ಕಾಂಪೌಂಡಿನಾಚೆಯ ಅಕ್ಕ-ತಮ್ಮನ ಮನೆಯಲ್ಲಿ ಎಂಟು ವರ್ಷದಿಂದ ಮುಚ್ಚಿದ್ದ ಕಿಟಕಿ ತೆರೆದಿತ್ತು. ಇಲ್ಲಿಯ ಹೊಗೆ ಎದೆಗಿಳಿದ ಮೇಲೆ ಅವಳು ರಾಗ ಎತ್ತಿದ್ದೇ ಇರಲಿಲ್ಲ.

ಊರವರ ವೆಬ್‌ಸೈಟುಗಳನ್ನೆಲ್ಲ ತನ್ನ ಕಂಪ್ಯೂಟರುಗಳಲ್ಲಿ ಇಟ್ಟುಕೊಂಡು ನಡೆಸುವ, ಅವನು ಕೆಲಸಕ್ಕಿದ್ದ ಕಂಪನಿ ಮೊನ್ನೆ ಗೇಟಿಗೆ ಹಸಿರು ಫಲಕ ಹಾಕಿಸಿತ್ತು: 'ಇಲ್ಲಿ ಎಲ್ಲವೂ ಗಾಳಿಯ ವಿದ್ಯುತ್ತಿನಿಂದ.' ಮೊಳೆ ಹೊಡೆದವನು ಅವನೇ. ಅದನ್ನು ಓದಿದ ಅಕ್ಕ, "ಗಾಳಿರಾಯ ಕೊನೆಗೂ ನಿಮ್ಮಲ್ಲಿ ನೌಕರಿಗೆ ಸೇರಿದ್ನಾ? ಹಾಗಾದ್ರೆ ಇನ್ನು ಹೊಗೆ ಇಲ್ಲ, ಅಲ್ವೇನೋ?" ಎಂದಿದ್ದಳು. ದೂರದಲ್ಲೆಲ್ಲೋ ಗಾಳಿಯಿಂದಾದ ವಿದ್ಯುತ್ತಿನ ಹೆಸರನ್ನಷ್ಟೇ ಕಂಪನಿ ಸರ್ಟಿಫಿಕೇಟಿನಲ್ಲಿ ಕೊಂಡುಕೊಂಡಿದೆ, ಕರೆಂಟ್ ಹೋದಾಗ ಹಾಕುವ ಜನರೇಟರ್ ಇದ್ದಲ್ಲೇ ಇದೆ ಎಂದು ಅವನು ಹೇಳಬೇಕಿತ್ತು. ಅವಳ ಮುಖ ನೋಡಿ "ಹೂಂ ಅಕ್ಕಾ" ಅಂದುಬಿಟ್ಟಿದ್ದ.

"ಕರೆಂಟ್ ಹೋಗಿ ಎಷ್ಟೊತ್ತಾಯ್ತಪ್ಪಾ?" ಫೋನಿನಲ್ಲಿ ಮ್ಯಾನೇಜರ್ ಕೇಳಿದರು. "ಬ್ಯಾಟರಿ ಇನ್ನೆರಡು ನಿಮಿಷ ಅಷ್ಟೆ. ಸಾವಿರ ಜನರ ವೆಬ್‌ಸೈಟ್ ಮಲಗಿಬಿಡತ್ತೆ. ಹಾಕು ಬೇಗ."

"ಅಕ್ಕಾ, ಕಿಟಕಿ..." ಎಂದು ಅವನು ಕೂಗಿದ.

"ಅಲ್ಲೀತನಕ ಕೇಳಿಸ್ತಿದೆಯೇನೋ?" ಅವಳು ನಕ್ಕು, ದನಿಯನ್ನು ಇನ್ನಷ್ಟು ಏರಿಸಿದಳು.

ಅವನು ಗುಂಡಿ ಒತ್ತಿದ. ಪದ್ಯ ಅರ್ಧ ಸಾಲಿಗೇ ನಿಂತಿತು. ಹೊಗೆ ಕಾಂಪೌಂಡು ದಾಟುತ್ತಿದ್ದಂತೆ ಅಕ್ಕ ಕೆಮ್ಮುತ್ತಲೇ, ತಾನು ನೋಡಿದರೆ ತಮ್ಮನಿಗೆ ನಾಚಿಕೆಯಾದೀತೆಂಬಂತೆ ತಲೆ ತಗ್ಗಿಸಿ, ಕಿಟಕಿಯನ್ನು ಮೆಲ್ಲಗೆ ಎಳೆದುಕೊಂಡಳು.